ಅಕ್ಷರದ ಜರಡಿ

ಸುಗ್ಗಿಯ ದಿನಗಳಲ್ಲಿ ಹಳ್ಳಿಯ ಕಣದಲ್ಲಿ ನಿಂತು ನೋಡಿದವರಿಗೆ ಜರಡಿಯ ಮಹತ್ವ ತಿಳಿದಿರುತ್ತದೆ. ರಾಗಿಗೆ ಒಂದು ಜರಡಿ, ಜೋಳಕ್ಕೆ ಇನ್ನೊಂದು, ಹಿಟ್ಟಿಗೆ ಮತ್ತೊಂದು. ಜರಡಿಯ ಕಣ್ಣು ತೀರ ದೊಡ್ಡದಾದರೆ ಕಾಳಿನೊಡನೆ ಕಲ್ಲೂ ಇಳಿದುಬಿಡುತ್ತದೆ. ತೀರ ಸಣ್ಣದಾದರೆ ಕಾಳೇ ಕಸವೆನಿಸಿಕೊಂಡು ಹೊರಗೆ ಬೀಳುತ್ತದೆ. ಆದುದರಿಂದ ಜರಡಿಯನ್ನು ಹೆಣೆಯುವವನಿಗೆ ಬೆತ್ತ, ತಂತಿಗಳ ಅರಿವಿದ್ದರೆ ಸಾಲದು. ಅದರಲ್ಲಿ ಸೋಸಬೇಕಾದ ಕಾಳಿನ ಗಾತ್ರದ ಅರಿವೂ ಬೇಕು.

ಇಂದಿನ ಮನುಷ್ಯನು ಕಣ್ಣಿಗೆ ಕಾಣದ ಇನ್ನೊಂದು ಜರಡಿಯ ಮುಂದೆ ದಿನವೂ ನಿಲ್ಲಬೇಕಾಗಿದೆ. ವಿದ್ಯಾರ್ಥಿವೇತನದ ಅರ್ಜಿ, ರೈಲಿನ ಟಿಕೆಟು, ಬ್ಯಾಂಕಿನ ಖಾತೆ, ಪಡಿತರ ಚೀಟಿ ಎಲ್ಲವೂ ಗಣಕದ ಮೂಲಕವೇ ನಡೆಯುವ ಈ ಕಾಲದಲ್ಲಿ ಹೆಸರು, ವಿಳಾಸ, ಜನ್ಮದಿನಾಂಕ ಮೊದಲಾದವನ್ನು ಪರದೆಯ ಮೇಲಿನ ಸಣ್ಣ ಸಣ್ಣ ಚೌಕಗಳಲ್ಲಿ ತುಂಬಬೇಕು. ಆ ಚೌಕಗಳು ಕಾಗದದ ಚೌಕಗಳಂತೆ ಮೌನವಾಗಿರುವುದಿಲ್ಲ. ಇಂತಹ ಅಕ್ಷರವನ್ನು ಒಳಗೆ ಬಿಡಬೇಕು, ಇಂತಹುದನ್ನು ಬಿಡಬಾರದು ಎಂಬ ಕಟ್ಟಳೆಯನ್ನು ಪ್ರತಿಯೊಂದು ಚೌಕಕ್ಕೂ ಯಾರೋ ಮೊದಲೇ ವಿಧಿಸಿರುತ್ತಾರೆ. ಈ ಕಟ್ಟಳೆಯೇ ಅಕ್ಷರದ ಜರಡಿ.

ಕಾಗದದ ಅರ್ಜಿಯ ಕಾಲದಲ್ಲಿ ಈ ಕೆಲಸವನ್ನು ಗುಮಾಸ್ತನ ವಿವೇಕ ಮಾಡುತ್ತಿತ್ತು. ದೂರವಾಣಿ ಸಂಖ್ಯೆಯ ಜಾಗದಲ್ಲಿ ಒಬ್ಬನು ನಡುವೆ ಒಂದು ಗೆರೆ ಎಳೆದು ಬರೆದರೂ, ಇನ್ನೊಬ್ಬನು ಕನ್ನಡ ಅಂಕೆಗಳಲ್ಲಿ ಬರೆದರೂ ಅವನು ಅದನ್ನು ಅರ್ಥಮಾಡಿಕೊಳ್ಳುತ್ತಿದ್ದನು. ಗಣಕಕ್ಕೆ ಅಂತಹ ವಿವೇಕ ಸಹಜವಾಗಿ ಇಲ್ಲ. ಅದಕ್ಕೆ ಹೇಳಿಕೊಟ್ಟಷ್ಟೇ ತಿಳಿವಳಿಕೆ. ಹೇಳಿಕೊಟ್ಟವನು ಮರೆತುದನ್ನು ಅದೂ ಅರಿಯದು.

ಅಕ್ಷರಗಳನ್ನು ಆರಿಸುವ ಕೆಲಸ ಗಣಕದೊಂದಿಗೆ ಹುಟ್ಟಿದುದಲ್ಲ. 13ನೆಯ ಶತಮಾನದ ವ್ಯಾಕರಣಕಾರ ಕೇಶಿರಾಜನು ತನ್ನ ‘ಶಬ್ದಮಣಿದರ್ಪಣ’ದಲ್ಲಿ ಕನ್ನಡಕ್ಕೆ ಸಲ್ಲುವ ಅಕ್ಷರಗಳು ಯಾವುವು ಎಂಬುದನ್ನು ವಿವೇಚಿಸಿದನು. ಸಂಸ್ಕೃತದ ಕೆಲವು ಅಕ್ಷರಗಳನ್ನು ಬಿಟ್ಟು, ೞ, ಱ ಮೊದಲಾದ ದೇಶೀಯ ಅಕ್ಷರಗಳನ್ನು ಉಳಿಸಿಕೊಂಡು, ಶುದ್ಧ ಕನ್ನಡದ ಅಕ್ಷರಗಳು 47 ಎಂದು ಲೆಕ್ಕ ಹಾಕಿದನು. ಅದೂ ಒಂದು ಜರಡಿಯೇ. ಆದರೆ ಆ ಜರಡಿಯನ್ನು ಹೆಣೆದವನು ಭಾಷೆಯ ಒಳಹೊರಗನ್ನು ಬಲ್ಲವನಾಗಿದ್ದನು. ಯಾವುದನ್ನು ಏಕೆ ಬಿಟ್ಟೆನು, ಯಾವುದನ್ನು ಏಕೆ ಇಟ್ಟುಕೊಂಡೆನು ಎಂಬುದಕ್ಕೆ ಅವನಲ್ಲಿ ಕಾರಣವಿತ್ತು.

ಯಂತ್ರಗಳ ಯುಗದಲ್ಲಿ ಬಂದ ಮೊದಲ ನಿರ್ಬಂಧಗಳಿಗೆ ಅಂತಹ ವಿವೇಚನೆಯ ಹಿನ್ನೆಲೆ ಇರಲಿಲ್ಲ. ಯಂತ್ರದ ಬಡತನವೇ ಅವುಗಳ ಕಾರಣ. 1844ರಲ್ಲಿ ಮಾರ್ಸನ ತಂತಿ ವಾಷಿಂಗ್ಟನ್ ನಗರದಿಂದ ಬಾಲ್ಟಿಮೋರಿಗೆ ಸಂದೇಶವನ್ನು ಒಯ್ದಾಗ ಅದು ಬಲ್ಲುದು ಚುಕ್ಕಿ ಮತ್ತು ಗೆರೆಗಳನ್ನು ಮಾತ್ರ. 1874ರಲ್ಲಿ ಫ್ರಾನ್ಸಿನ ಎಮಿಲ್ ಬೋದೊ ರೂಪಿಸಿದ ತಂತಿಪದ್ಧತಿಯಲ್ಲಿ ಒಂದೊಂದು ಅಕ್ಷರಕ್ಕೂ ಐದು ವಿದ್ಯುತ್ ಸಂಜ್ಞೆಗಳು. ಐದು ಸಂಜ್ಞೆಗಳಿಂದ 32 ಜೋಡಣೆಗಳು ಮಾತ್ರ ಸಾಧ್ಯ. 1963ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ‘ಆಸ್ಕಿ’ ಎಂಬ ಸಂಕೇತಪಟ್ಟಿಯಲ್ಲಿ 128 ಸ್ಥಾನಗಳು ಇದ್ದವು. ಇಂಗ್ಲಿಷಿಗೆ ಅಷ್ಟು ಸಾಕಾಯಿತು. ಜಗತ್ತಿನ ಉಳಿದ ಲಿಪಿಗಳಿಗೆ ಅಲ್ಲಿ ಎಡೆಯೇ ಇರಲಿಲ್ಲ.

ಈ ಬಡತನದ ಫಲವನ್ನು ಕನ್ನಡಿಗರೂ ಉಂಡಿದ್ದಾರೆ. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡದ ಮಾತನ್ನು ಬರೆದರೆ ಲಕಾರ ಳಕಾರಗಳ, ನಕಾರ ಣಕಾರಗಳ, ತಕಾರ ಟಕಾರಗಳ ಭೇದ ಅಳಿದುಹೋಗುತ್ತದೆ. ‘ಹಳ್ಳಿ’ಗೂ ‘ಹಲ್ಲಿ’ಗೂ, ‘ಬೆಳೆ’ಗೂ ‘ಬೆಲೆ’ಗೂ, ‘ಮನೆ’ಗೂ ‘ಮಣೆ’ಗೂ ಅಲ್ಲಿ ಒಂದೇ ಬರವಣಿಗೆ. ತಂತಿಯ ಸಂದೇಶವನ್ನು ಓದುವವನು ಸಂದರ್ಭವನ್ನು ಊಹಿಸಿ ಅರ್ಥಮಾಡಿಕೊಳ್ಳಬಹುದಾಗಿತ್ತು. ಆದರೆ ಮನುಷ್ಯನ ಹೆಸರಿಗಾಗಲಿ ಊರಿನ ಹೆಸರಿಗಾಗಲಿ ಊಹೆ ನೆರವಾಗದು. 2013ರ ಜುಲೈ ತಿಂಗಳಿನಲ್ಲಿ ಭಾರತದ ತಂತಿ ಸೇವೆ ಕೊನೆಗೊಂಡಿತು. ಅದು ಕಲಿಸಿದ ಇಕ್ಕಟ್ಟಿನ ಅಭ್ಯಾಸ ಮಾತ್ರ ಕೊನೆಗೊಳ್ಳಲಿಲ್ಲ.

ಕಾಲಕ್ರಮದಲ್ಲಿ ಯಂತ್ರದ ಬಡತನ ನೀಗಿತು. 1991ರಲ್ಲಿ ಭಾರತೀಯ ಮಾನಕ ಸಂಸ್ಥೆಯು ಭಾರತದ ಲಿಪಿಗಳಿಗಾಗಿ ‘ಇಸ್ಕಿ’ ಎಂಬ ಸಂಕೇತ ಪದ್ಧತಿಯನ್ನು ಮಾನಕವಾಗಿ ಪ್ರಕಟಿಸಿತು. ಅದೇ ವರ್ಷ ಹೊರಬಂದ ಯೂನಿಕೋಡ್ ಪಟ್ಟಿಯ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆಯಿತು. ಯೂನಿಕೋಡನ್ನು ಒಂದು ಮಹಾನಗರವೆಂದು ಭಾವಿಸಿದರೆ ಅಲ್ಲಿ ಕನ್ನಡಕ್ಕೆ 128 ನಿವೇಶನಗಳ ಒಂದು ಕೇರಿ ಮೀಸಲಾಗಿದೆ. ಇಂದು ಆ ನಗರದಲ್ಲಿ ಒಂದೂವರೆ ಲಕ್ಷಕ್ಕೂ ಮಿಕ್ಕ ಅಕ್ಷರಗಳೂ ಚಿಹ್ನೆಗಳೂ ನೆಲೆಸಿವೆ. ಆದುದರಿಂದ ಇಂದು ಒಂದು ಚೌಕವು ಒಂದು ಅಕ್ಷರವನ್ನು ನಿರಾಕರಿಸಿದರೆ ಆ ನಿರಾಕರಣೆ ಬಹುಮಟ್ಟಿಗೆ ಯಂತ್ರದ ಅಶಕ್ತಿಯಲ್ಲ. ಯಾರೋ ಒಬ್ಬರ ನಿರ್ಧಾರ ಅಥವಾ ಯಾರೋ ಒಬ್ಬರ ಅಲಕ್ಷ್ಯ.

ಹಾಗಾದರೆ ನಿರ್ಬಂಧವೇ ಬೇಡವೇ? ಹಾಗೆಂದು ತೀರ್ಮಾನಿಸುವುದು ಅವಸರದ ಮಾತಾದೀತು. 1972ರ ಆಗಸ್ಟ್ 15ರಂದು ಭಾರತದಲ್ಲಿ ಜಾರಿಗೆ ಬಂದ ಪಿನ್ ಕೋಡನ್ನು ನೋಡಬಹುದು. ಅದರಲ್ಲಿ ಆರು ಅಂಕೆಗಳು. ಮೊದಲ ಅಂಕೆ ಎಂದಿಗೂ ಸೊನ್ನೆಯಲ್ಲ. ಕರ್ನಾಟಕದ ಪಿನ್ ಕೋಡುಗಳು 56ರಿಂದ 59ರವರೆಗಿನ ಎರಡಂಕೆಗಳಿಂದ ಮೊದಲಾಗುತ್ತವೆ. ಬ್ಯಾಂಕ್ ಶಾಖೆಯನ್ನು ಗುರುತಿಸುವ ಐ.ಎಫ್.ಎಸ್. ಸಂಕೇತದಲ್ಲಿ 11 ಸ್ಥಾನಗಳು. ಮೊದಲ ನಾಲ್ಕು ಅಕ್ಷರಗಳು, ಐದನೆಯದು ಸೊನ್ನೆ. ಆ ಸೊನ್ನೆಯ ಸ್ಥಾನದಲ್ಲಿ ಇಂಗ್ಲಿಷಿನ ‘ಓ’ ಅಕ್ಷರವನ್ನು ಒತ್ತುವುದು ತೀರ ಸುಲಭವಾದ ತಪ್ಪು. ಇಂತಹ ಕಡೆ ಚೌಕವು ತಪ್ಪನ್ನು ಅಲ್ಲಿಯೇ ತಡೆದು ತೋರಿಸಿದರೆ ಅರ್ಜಿದಾರನಿಗೆ ಉಪಕಾರವೇ ಆಗುತ್ತದೆ. ಬರಬೇಕಾದ ಹಣ ದಾರಿ ತಪ್ಪದೆ ಬಂದು ಸೇರುತ್ತದೆ.

ಆದರೂ ಅಕ್ಷರಗಳ ಆಕಾರವನ್ನು ಪರೀಕ್ಷಿಸಿದ ಮಾತ್ರಕ್ಕೆ ಸತ್ಯವನ್ನು ಪರೀಕ್ಷಿಸಿದಂತಾಗುವುದಿಲ್ಲ. 12 ಅಂಕೆಗಳ ಆಧಾರ್ ಸಂಖ್ಯೆಯ ಕೊನೆಯ ಅಂಕೆಯನ್ನು ಅದರ ಹಿಂದಿನ 11 ಅಂಕೆಗಳಿಂದ ಲೆಕ್ಕ ಹಾಕಿ ಪಡೆಯಲಾಗುತ್ತದೆ. 1969ರಲ್ಲಿ ಡಚ್ ಗಣಿತಜ್ಞ ವೆರ್ಹೂಫ್ ಪ್ರಕಟಿಸಿದ ಸೂತ್ರ ಇದಕ್ಕೆ ಆಧಾರ. ಒಂದು ಅಂಕೆ ತಪ್ಪಿದರೆ ಅಥವಾ ಅಕ್ಕಪಕ್ಕದ ಎರಡು ಭಿನ್ನ ಅಂಕೆಗಳು ಸ್ಥಾನ ಬದಲಿಸಿಕೊಂಡರೆ ಲೆಕ್ಕ ಹೊಂದದೆ ತಪ್ಪು ಬಯಲಾಗುತ್ತದೆ. ಅಂಕೆಗಳನ್ನು ಮಾತ್ರ ಒಳಗೆ ಬಿಡುವುದು ಕಾವಲಿನ ಮೊದಲ ಮೆಟ್ಟಿಲು. ಅವು ಸರಿಯಾದ ಅಂಕೆಗಳೇ ಎಂದು ನೋಡುವುದು ಎರಡನೆಯ ಮೆಟ್ಟಿಲು.

ನಿರ್ಬಂಧಕ್ಕೆ ಇನ್ನೊಂದು ಕಾರಣವೂ ಉಂಟು, ಅದು ಸುರಕ್ಷತೆ. ಗಣಕವನ್ನು ಅತ್ಯಂತ ವಿಧೇಯನಾದ, ಆದರೆ ವಿವೇಕವಿಲ್ಲದ ಸೇವಕನಿಗೆ ಹೋಲಿಸಬಹುದು. ಯಜಮಾನನು ಅವನಿಗೆ, “ಬಾಗಿಲಲ್ಲಿ ನಿಂತವನ ಹೆಸರನ್ನು ಕೇಳಿ, ಆ ಹೆಸರಿನವನ ಕಡತವನ್ನು ತಾ” ಎಂದು ಹೇಳುತ್ತಾನೆ. ಬಂದವನು ವಂಚಕ. ಅವನು ತನ್ನ ಹೆಸರಿನ ಬದಲು, “ರಾಮ, ಉಳಿದ ಕಡತಗಳನ್ನೆಲ್ಲ ಸುಟ್ಟುಬಿಡು” ಎನ್ನುತ್ತಾನೆ. ಹೆಸರು ಎಲ್ಲಿಗೆ ಮುಗಿಯಿತು, ಆಜ್ಞೆ ಎಲ್ಲಿಂದ ಮೊದಲಾಯಿತು ಎಂಬುದನ್ನು ತಿಳಿಯದ ಸೇವಕನು ಕಡತಗಳಿಗೆ ಬೆಂಕಿ ಇಡುತ್ತಾನೆ. ಮಾಹಿತಿಕೋಶಗಳ ಮೇಲೆ ನಡೆಯುವ ಇಂತಹ ಒಂದು ಬಗೆಯ ಆಕ್ರಮಣ 1998ರ ವೇಳೆಗಾಗಲೇ ಬರವಣಿಗೆಯಲ್ಲಿ ದಾಖಲಾಗಿತ್ತು. ಹೆಸರಿನ ಎಲ್ಲೆಯನ್ನು ಸೂಚಿಸುವ ಒಂಟಿ ಉದ್ಧರಣ ಚಿಹ್ನೆಯೇ ಅಲ್ಲಿ ವಂಚಕನ ಕೀಲಿಕೈ.

ಇದನ್ನು ಕಂಡು ಬೆದರಿದ ಅನೇಕರು ಆ ಚಿಹ್ನೆಯನ್ನೇ ಚೌಕಗಳಿಂದ ಬಹಿಷ್ಕರಿಸಿದರು. ಅದರಿಂದ ಕಷ್ಟಕ್ಕೆ ಸಿಲುಕಿದವರು ವಂಚಕರಿಗಿಂತ ಹೆಚ್ಚಾಗಿ ನಿರಪರಾಧಿಗಳು. ಐರ್ಲೆಂಡಿನ ಓ’ಬ್ರಯನ್, ಓ’ಕಾನರ್ ಮೊದಲಾದ ಮನೆತನದ ಹೆಸರುಗಳಲ್ಲಿ ಆ ಚಿಹ್ನೆ ಹೆಸರಿನ ಅಂಗವೇ ಆಗಿದೆ. ತನ್ನ ಹೆಸರನ್ನು ತಾನು ಸರಿಯಾಗಿ ಬರೆದರೂ, “ಹೆಸರು ಸರಿಯಾಗಿಲ್ಲ” ಎಂದು ಯಂತ್ರದಿಂದ ಹೇಳಿಸಿಕೊಳ್ಳುವ ಸ್ಥಿತಿ ಅಂತಹವರಿಗೆ ಬಂದಿತು. ನಿಜವಾದ ಪರಿಹಾರ ಬೇರೆಯೇ ಇದೆ. ಆಜ್ಞೆಯನ್ನು ಒಂದು ಕೈಯಲ್ಲಿ, ಹೆಸರನ್ನು ಇನ್ನೊಂದು ಕೈಯಲ್ಲಿ ಪ್ರತ್ಯೇಕವಾಗಿ ಕೊಟ್ಟು, ಎರಡನೆಯ ಕೈಯಲ್ಲಿರುವುದು ಏನೇ ಆಗಿದ್ದರೂ ಅದನ್ನು ಹೆಸರೆಂದೇ ತಿಳಿ ಎಂದು ಸೇವಕನಿಗೆ ಕಲಿಸುವುದು ಆ ಪರಿಹಾರ. ಇಂದಿನ ಮಾಹಿತಿಕೋಶಗಳಲ್ಲಿ ಇದಕ್ಕೆ ತಕ್ಕ ವ್ಯವಸ್ಥೆ ಇದೆ.

ಇನ್ನೂ ಒಂದು ಸಂಗತಿಯನ್ನು ಇಲ್ಲಿ ಗಮನಿಸಬೇಕು. ಪರದೆಯ ಮೇಲಿನ ಚೌಕದಲ್ಲಿ ಇಡುವ ಕಾವಲು ಬಳಕೆದಾರನ ಅನುಕೂಲಕ್ಕೆ ಮಾತ್ರ ಸಾಲುತ್ತದೆ. ಆ ಚೌಕ ಬಳಕೆದಾರನ ಗಣಕದಲ್ಲಿಯೇ ಇರುವುದರಿಂದ ಬಲ್ಲ ವಂಚಕನು ಅದನ್ನು ಬದಿಗೊತ್ತಿ, ತನ್ನ ಮಾತನ್ನು ನೇರವಾಗಿ ದೂರದ ಗಣಕಕ್ಕೆ ಕಳುಹಿಸಬಲ್ಲನು. ಆದುದರಿಂದ ಮಾತು ತಲಪುವ ಕಡೆಯಲ್ಲಿಯೂ ಪರೀಕ್ಷೆ ನಡೆಯಲೇಬೇಕು. ಊರ ಹೆಬ್ಬಾಗಿಲಿನಲ್ಲಿ ಕಾವಲಿದೆ ಎಂದು ಭಂಡಾರದ ಬೀಗವನ್ನು ತೆಗೆದಿಡುವುದು ಜಾಣತನವಲ್ಲ.

ಇಂಗ್ಲಿಷನ್ನು ಮಾತ್ರ ಮನಸ್ಸಿನಲ್ಲಿಟ್ಟುಕೊಂಡು ಹೆಣೆದ ಜರಡಿಗೆ ಕನ್ನಡವನ್ನು ಸುರಿದರೆ ಏನಾಗುತ್ತದೆ ಎಂಬುದು ವಿಚಾರ ಮಾಡತಕ್ಕ ವಿಷಯ. ‘ಕನ್ನಡ’ ಎಂಬ ಪದ ಓದುವವನ ಕಣ್ಣಿಗೆ ಮೂರು ಅಕ್ಷರ. ಗಣಕದ ಒಳಗೆ ಅದು ಕ, ನ, ವಿರಾಮ ಚಿಹ್ನೆ, ನ, ಡ ಎಂಬ ಐದು ಸಂಕೇತಗಳ ಸಾಲು. ಗುಣಿತದ ಚಿಹ್ನೆಗಳು, ಅನುಸ್ವಾರ, ವಿರಾಮ ಇವು ಯೂನಿಕೋಡ್ ವರ್ಗೀಕರಣದಲ್ಲಿ ‘ಅಕ್ಷರ’ ಎಂಬ ವರ್ಗಕ್ಕೆ ಸೇರದೆ ‘ಗುರುತು’ ಎಂಬ ಬೇರೊಂದು ವರ್ಗಕ್ಕೆ ಸೇರುತ್ತವೆ. ಈ ಭೇದವನ್ನು ಅರಿಯದವನೊಬ್ಬನು, “ಹೆಸರಿನ ಚೌಕದಲ್ಲಿ ಅಕ್ಷರಗಳನ್ನು ಮಾತ್ರ ಉಳಿಸು, ಉಳಿದುದನ್ನು ತೆಗೆ” ಎಂದು ಯಂತ್ರಕ್ಕೆ ಹೇಳಿದನೆನ್ನೋಣ. ಆಗ ‘ಕನ್ನಡ’ವು ‘ಕನನಡ’ವಾಗುತ್ತದೆ, ‘ಗಂಗಾ’ ಎಂಬವಳು ‘ಗಗ’ ಆಗುತ್ತಾಳೆ, ‘ಶ್ರೀನಿವಾಸ’ನು ‘ಶರನವಸ’ನಾಗುತ್ತಾನೆ. ಕಟ್ಟಳೆ ಮಾಡಿದವನ ಮನಸ್ಸಿನಲ್ಲಿ ದ್ವೇಷವೇನೂ ಇರಲಿಲ್ಲ. ಅವನ ಜರಡಿಗೆ ಕಾಳಿನ ಗಾತ್ರ ತಿಳಿದಿರಲಿಲ್ಲ, ಅಷ್ಟೇ.

“ಹಾಗಾದರೆ ಕನ್ನಡದ ಕೇರಿಯ ಸಂಕೇತಗಳನ್ನೆಲ್ಲ ಬಿಟ್ಟು, ಹೊರಗಿನವನ್ನು ತಡೆದರೆ ಸಾಕಲ್ಲವೇ?” ಎಂದು ಯಾರಾದರೂ ಕೇಳಬಹುದು. ಅದೂ ಸಾಲದು. ‘ರಾಜ್‌ಕುಮಾರ್’ ಎಂಬ ಹೆಸರಿನಲ್ಲಿ ಜಕಾರದ ಮುಂದಿನ ಕಕಾರವು ಒತ್ತಕ್ಷರವಾಗಿ ಕೆಳಗಿಳಿಯದೆ ಪಕ್ಕದಲ್ಲಿ ನಿಲ್ಲಬೇಕಾದರೆ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಇರಬೇಕು. ಅದು ಇಲ್ಲದಿದ್ದರೆ ಹೆಸರು ‘ರಾಜ್ಕುಮಾರ್’ ಎಂದಾಗುತ್ತದೆ. ಹಾಗೆಯೇ ‘ರ‍್ಯಾಂಕ್’ ಎಂಬ ಪದದಲ್ಲಿ ರಕಾರವು ಅರ್ಕಾವತ್ತಾಗದೆ ಮುಂದೆಯೇ ನಿಲ್ಲಲು ಇನ್ನೊಂದು ಕಾಣದ ಸಂಕೇತ ಬೇಕು. ಈ ಎರಡು ಸಂಕೇತಗಳೂ ಹಲವು ಲಿಪಿಗಳಿಗೆ ಸಾಮಾನ್ಯವಾದುದರಿಂದ ಕನ್ನಡದ ಕೇರಿಯಿಂದ ಹೊರಗೆ ನೆಲೆಸಿವೆ. ಮನೆಯವರನ್ನು ಮಾತ್ರ ಒಳಗೆ ಬಿಡುವೆನೆಂದು ಪಣತೊಟ್ಟ ಕಾವಲುಗಾರನು ದಿನವೂ ಬಂದು ಹೋಗುವ ನೆಂಟರನ್ನು ಹೊರಗೆ ನಿಲ್ಲಿಸಿದಂತೆ ಇದು.

ಅಕ್ಷರಗಳ ಎಣಿಕೆಯಲ್ಲಿಯೂ ಇಂತಹುದೇ ತೊಡಕು. ‘ಶ್ರೀನಿವಾಸಮೂರ್ತಿ’ ಎಂಬ ಹೆಸರಿನಲ್ಲಿ ಕನ್ನಡ ವ್ಯಾಕರಣದ ಲೆಕ್ಕದಂತೆ ಆರು ಅಕ್ಷರಗಳು. ಯೂನಿಕೋಡ್ ಲೆಕ್ಕದಲ್ಲಿ ಅವು 15 ಸಂಕೇತಗಳು. ಬಹುವಾಗಿ ಬಳಕೆಯಲ್ಲಿರುವ ಸಂಗ್ರಹ ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟುಗಳು ಬೇಕಾದುದರಿಂದ ಇಡೀ ಹೆಸರಿಗೆ 45 ಬೈಟುಗಳು ಬೇಕು. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಅದೇ ಹೆಸರಿಗೆ 15 ಬೈಟುಗಳು ಸಾಕು. ಹೆಸರಿಗೆ 30 ಬೈಟುಗಳು ಧಾರಾಳವೆಂದು ಬಗೆದವನ ಚೌಕದಲ್ಲಿ ಈ ವ್ಯಕ್ತಿ ‘ಶ್ರೀನಿವಾಸಮ’ ಎಂಬಲ್ಲಿಗೆ ನಿಂತುಬಿಡುತ್ತಾನೆ. ಮುಂದೆ ಒಂದು ದಾಖಲೆಯ ಹೆಸರಿಗೂ ಇನ್ನೊಂದು ದಾಖಲೆಯ ಹೆಸರಿಗೂ ತಾಳೆ ಬೀಳದಿದ್ದಾಗ ಅವನು ಕಚೇರಿಯಿಂದ ಕಚೇರಿಗೆ ಅಲೆದು, ತಾನೇ ಅವನೆಂದು ಪ್ರಮಾಣ ಮಾಡಬೇಕಾಗುತ್ತದೆ. ಪಿಂಚಣಿಯನ್ನು ನಂಬಿದ ವೃದ್ಧನಿಗೋ ವಿದ್ಯಾರ್ಥಿವೇತನವನ್ನು ಕಾಯುವ ಬಾಲಕಿಗೋ ಇದು ಬರಿಯ ಕಾಗುಣಿತದ ಪ್ರಶ್ನೆಯಲ್ಲ.

ಹೆಸರಿನ ಮುಂದೆ ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳನ್ನು ಚುಕ್ಕಿಯೊಡನೆ ಬರೆಯುವುದು ಕನ್ನಡನಾಡಿನಲ್ಲಿ ಬಹುಕಾಲದ ರೂಢಿ. ಚುಕ್ಕಿಯನ್ನು ಒಪ್ಪದ ಚೌಕ ಈ ರೂಢಿಯನ್ನು ಅರಿಯದು. ಒಂದೇ ಹೆಸರಿನಿಂದ ತೃಪ್ತರಾದ ಜನರೂ ಉಂಟು. ಕುಲನಾಮವನ್ನು ಬರೆಯದೆ ಮುಂದೆ ಹೋಗಗೊಡದ ಚೌಕ ಅವರಿಂದ ಸುಳ್ಳನ್ನು ಬರೆಯಿಸುತ್ತದೆ. ಶಾಲೆಯ ವರ್ಣಮಾಲೆಯ 49 ಅಕ್ಷರಗಳೇ ಕನ್ನಡವೆಂದು ತಿಳಿದವನ ಜರಡಿಯಲ್ಲಿ ಪಂಪ ರನ್ನರ ಕಾವ್ಯಗಳ ೞಕಾರ, ಱಕಾರಗಳು ಇಳಿಯವು. ಆ ೞಕಾರಕ್ಕೆ ಯೂನಿಕೋಡ್ ಪಟ್ಟಿಯಲ್ಲಿಯೇ ‘ಫ’ ಎಂಬ ತಪ್ಪು ಹೆಸರು ಬಿದ್ದಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಆ ಪಟ್ಟಿಯ ನಿಯಮವಾದುದರಿಂದ, ಸರಿಯಾದ ಹೆಸರನ್ನು ಪಕ್ಕದಲ್ಲಿ ಅಡ್ಡಹೆಸರಾಗಿ ನಮೂದಿಸಿದ್ದಾರೆ. ಲಿಪಿಯನ್ನು ಬಲ್ಲವರನ್ನು ಮೊದಲೇ ಕೇಳದೆ ಮಾಡಿದ ಕೆಲಸವನ್ನು ಆಮೇಲೆ ತಿದ್ದುವುದು ಎಷ್ಟು ಕಷ್ಟವೆಂಬುದಕ್ಕೆ ಇದು ಸಣ್ಣದೊಂದು ನಿದರ್ಶನ.

ನಿರ್ಬಂಧವನ್ನು ಬಹಿರಂಗವಾಗಿ, ಕಾರಣ ಸಹಿತ ವಿಧಿಸಿದ ಒಳ್ಳೆಯ ನಿದರ್ಶನಗಳೂ ಇವೆ. ಪಾಸ್‌ಪೋರ್ಟಿನ ಕೆಳಭಾಗದಲ್ಲಿ ಯಂತ್ರವು ಓದುವ ಎರಡು ಸಾಲುಗಳಿರುತ್ತವೆ. ಸಾಲೊಂದಕ್ಕೆ 44 ಸ್ಥಾನಗಳು. ಇಂಗ್ಲಿಷಿನ 26 ದೊಡ್ಡಕ್ಷರಗಳು, ಹತ್ತು ಅಂಕೆಗಳು, ತೆರಪನ್ನು ತುಂಬುವ ಒಂದು ಚಿಹ್ನೆ, ಒಟ್ಟು 37 ಮಾತ್ರ ಅಲ್ಲಿಗೆ ಸಲ್ಲುತ್ತವೆ. ಜಗತ್ತಿನ ಎಲ್ಲ ವಿಮಾನ ನಿಲ್ದಾಣಗಳ ಯಂತ್ರಗಳೂ ಓದಬೇಕಾದುದರಿಂದ ಈ ಸಂಯಮ ಅಗತ್ಯ. ಆದರೆ ಅದೇ ಪುಟದ ಮೇಲ್ಭಾಗದಲ್ಲಿ ಮನುಷ್ಯರು ಓದಲು ಹೆಸರನ್ನು ಬೇರೆಯಾಗಿ ಮುದ್ರಿಸಿರುತ್ತಾರೆ. ಯಂತ್ರಕ್ಕೆ ಬೇಕಾದ ರೂಪ ಯಂತ್ರಕ್ಕೆ, ಮನುಷ್ಯರಿಗೆ ಬೇಕಾದ ರೂಪ ಮನುಷ್ಯರಿಗೆ.

ಅಂತರಜಾಲದ ವಿಳಾಸಗಳದು ಇನ್ನೊಂದು ನಿದರ್ಶನ. ರಷ್ಯನ್ ಲಿಪಿಯ ಕೆಲವು ಅಕ್ಷರಗಳು ಇಂಗ್ಲಿಷಿನ ಅಕ್ಷರಗಳನ್ನು ತದ್ವತ್ತಾಗಿ ಹೋಲುತ್ತವೆ. ಅವುಗಳಿಂದ ಹೆಸರಾಂತ ಸಂಸ್ಥೆಯೊಂದರ ವಿಳಾಸದಂತೆಯೇ ಕಾಣುವ ಬೇರೊಂದು ವಿಳಾಸವನ್ನು ಕಟ್ಟಬಹುದೆಂಬುದನ್ನು 2017ರಲ್ಲಿ ಪ್ರಯೋಗದಿಂದ ತೋರಿಸಲಾಯಿತು. ಕನ್ನಡದ ಅನುಸ್ವಾರಕ್ಕೂ ಕನ್ನಡದ ಸೊನ್ನೆಗೂ, ಕನ್ನಡದ ಹಲವು ಅಕ್ಷರಗಳಿಗೂ ತೆಲುಗಿನ ಅಕ್ಷರಗಳಿಗೂ ಇರುವ ಹೋಲಿಕೆ ಎಲ್ಲರಿಗೂ ತಿಳಿದುದೇ. ಆದುದರಿಂದ ಕನ್ನಡ, ತೆಲುಗು, ದೇವನಾಗರಿ ಮೊದಲಾದ ಒಂಬತ್ತು ಲಿಪಿಗಳನ್ನು ಬಲ್ಲವರ ಒಂದು ಮಂಡಲಿ ಕುಳಿತು, ಅಂತರಜಾಲದ ವಿಳಾಸದ ಕೊನೆಯ ಭಾಗದಲ್ಲಿ ಯಾವ ಅಕ್ಷರಗಳು ಸಲ್ಲಬೇಕು ಎಂಬುದನ್ನು ಲಿಪಿಗೊಂದರಂತೆ ವಿವೇಚಿಸಿತು. ಕನ್ನಡದ ಪ್ರಸ್ತಾವ 2019ರಲ್ಲಿ ಸಿದ್ಧವಾಯಿತು. ಗುಣಿತ ಚಿಹ್ನೆ ವ್ಯಂಜನದ ಬಳಿಕವೇ ಬರಬೇಕು, ತೆಲುಗಿನ ಸಮಾನರೂಪದ ಅಕ್ಷರಗಳಿಂದ ಮೋಸವಾಗಬಾರದು ಎಂಬಂತಹ ನಿಯಮಗಳು ಅದರಲ್ಲಿವೆ. ಇಲ್ಲಿ ನಿರ್ಬಂಧವಿದೆ, ಆದರೆ ಅದು ಕೇಶಿರಾಜನ ದಾರಿಯ ನಿರ್ಬಂಧ. ಲಿಪಿಯನ್ನು ಬಲ್ಲವರು, ಕಾರಣವನ್ನು ಹೇಳಿ ಮಾಡಿದುದು.

ಒಳ್ಳೆಯ ಚೌಕವನ್ನು ರೂಪಿಸುವವನು ನಿರಾಕರಿಸುವ ರೀತಿಯನ್ನೂ ಕಲಿತಿರಬೇಕು. ಒತ್ತಿದ ಅಕ್ಷರವನ್ನು ಸದ್ದಿಲ್ಲದೆ ನುಂಗಿಬಿಡುವ ಚೌಕದ ಮುಂದೆ ಕುಳಿತ ಹಳ್ಳಿಯವನು ಕೀಲಿಮಣೆ ಕೆಟ್ಟಿದೆಯೋ ತನ್ನ ಬೆರಳೇ ತಪ್ಪಿತೋ ಎಂದು ತಿಳಿಯದೆ ಕಂಗೆಡುತ್ತಾನೆ. “ಇಲ್ಲಿ ಆರು ಅಂಕೆಗಳು ಬೇಕು, ಐದು ಮಾತ್ರ ಇವೆ” ಎಂದು ಅವನ ಭಾಷೆಯಲ್ಲಿಯೇ ತಿಳಿಸಿದರೆ ಅವನು ತಾನೇ ತಿದ್ದಿಕೊಳ್ಳುತ್ತಾನೆ. ಪಿನ್ ಕೋಡನ್ನು ಒಬ್ಬನು ‘೫೬೦೦೦೧’ ಎಂದು ಕನ್ನಡ ಅಂಕೆಗಳಲ್ಲಿ ಬರೆದರೆ ಅದನ್ನು ತಳ್ಳಿಹಾಕಬೇಕಾಗಿಲ್ಲ. 560001 ಎಂದು ಪರಿವರ್ತಿಸಿಕೊಳ್ಳುವುದು ಗಣಕಕ್ಕೆ ಕ್ಷಣದ ಕೆಲಸ. ಕೊಡುವಾಗ ಕಟ್ಟುನಿಟ್ಟಾಗಿರಬೇಕು, ಕೊಳ್ಳುವಾಗ ಉದಾರವಾಗಿರಬೇಕು ಎಂಬ ಅರ್ಥದ ತತ್ತ್ವವೊಂದನ್ನು ಅಂತರಜಾಲದ ನಿರ್ಮಾಪಕರಲ್ಲಿ ಒಬ್ಬನಾದ ಜಾನ್ ಪೋಸ್ಟೆಲ್ 1980ರಲ್ಲಿಯೇ ಬರೆದಿಟ್ಟಿದ್ದನು. ಔದಾರ್ಯ ಮಿತಿಮೀರಿದರೆ ವಂಚಕರಿಗೆ ದಾರಿಯಾಗುತ್ತದೆಂದು ಮುಂದಿನವರು ಎಚ್ಚರಿಸಿದರು. ಎರಡು ಮಾತುಗಳಲ್ಲಿಯೂ ಸತ್ಯವಿದೆ. ಸಂಖ್ಯೆಯ ಚೌಕಕ್ಕೆ ಬಿಗಿ ಒಪ್ಪುತ್ತದೆ. ಹೆಸರಿನ ಚೌಕಕ್ಕೆ ಔದಾರ್ಯ ಒಪ್ಪುತ್ತದೆ.

ಇವೆರಡಕ್ಕೂ ಇರುವ ಅಂತರ ಸ್ಪಷ್ಟವಾಗಿದೆ. ಪಿನ್ ಕೋಡನ್ನು ರೂಪಿಸಿದುದು ಅಂಚೆ ಇಲಾಖೆ. ಅದರ ಆಕಾರವನ್ನು ನಿರ್ಧರಿಸುವ ಹಕ್ಕು ಆ ಇಲಾಖೆಯದು. ಮನುಷ್ಯನ ಹೆಸರನ್ನು ರೂಪಿಸಿದುದು ಯಾವ ಇಲಾಖೆಯೂ ಅಲ್ಲ. ತೊಟ್ಟಿಲ ಬಳಿ ಕುಳಿತ ಹಿರಿಯಳೊಬ್ಬಳು ಮಗುವಿನ ಕಿವಿಯಲ್ಲಿ ಅದನ್ನು ಹೇಳಿದಳು. ಅಂದು ಅವಳು ಯಾವ ಅಕ್ಷರ ಸಲ್ಲುತ್ತದೆ, ಯಾವುದು ಸಲ್ಲದು ಎಂದು ಯಾರನ್ನೂ ಕೇಳಲಿಲ್ಲ. ಆ ಹೆಸರು ಇಂದು ಅರ್ಜಿಯ ಬಾಗಿಲಿಗೆ ಬಂದು ನಿಂತಾಗ, ಅದು ಒಳಗೆ ಬರುವಂತೆ ಕಣ್ಣಿನ ಅಳತೆಯನ್ನು ಸರಿಪಡಿಸಿಕೊಳ್ಳಬೇಕಾದುದು ಜರಡಿಯೇ ಹೊರತು ಹೆಸರಲ್ಲ.